ಅವ್ವ ಎದ್ದಳಾ, ಅಪ್ಪಾಜಿ ಎದ್ದರಾ?

ಡಾಕ್ಟರು ಕೇಳಿದ್ದು ಸಣ್ಣ ಪ್ರಶ್ನೆ. "ರಾತ್ರಿ ಎಷ್ಟು ಸಲ ಏಳ್ತೀರಿ?"

ಅಪ್ಪಾಜಿ "ಒಂದು ಸಲ, ಅಷ್ಟೇ" ಅಂದರು. ಪಕ್ಕದ ಕುರ್ಚಿಯಲ್ಲಿದ್ದ ಅವ್ವ ಬಿಡಲಿಲ್ಲ. "ನಾಕು ಸಲ ಏಳ್ತಾರ್ರೀ, ಸುಳ್ಳು ಹೇಳ್ತಾರೆ." ಅಪ್ಪಾಜಿ ತಿರುಗಿದರು. "ಅದು ನೀನು ಏಳೋದು. ನನ್ನ ಲೆಕ್ಕಕ್ಕೆ ಯಾಕೆ ಹಾಕ್ತೀಯ?" ಡಾಕ್ಟರು ನಕ್ಕು ನನ್ನ ಮುಖ ನೋಡಿದರು. ನಾನಿರೋದು ಬೆಂಗಳೂರಲ್ಲಿ, ಇವರಿರೋದು ದಾವಣಗೆರೆಯಲ್ಲಿ, ನನಗೇನು ಗೊತ್ತು? ಮಾತ್ರೆ ಬದಲಾಯಿಸಬೇಕೋ ಬೇಡವೋ ಅನ್ನೋದು ಆ ಲೆಕ್ಕದ ಮೇಲೆ ನಿಂತಿತ್ತು. ಎರಡು ವಾರ ಬರೆದಿಟ್ಟುಕೊಂಡು ಬನ್ನಿ ಅಂದರು. ಅಪ್ಪಾಜಿ ಮಲಗೋಕೆ ಮುಂಚೆಯೇ "1" ಅಂತ ಬರೆದಿಟ್ಟು ಮಲಗೋ ಮನುಷ್ಯ.

ಮನೆಯಲ್ಲಿ ಈ ತರದ ಪ್ರಶ್ನೆಗೆ ಎಲ್ಲರೂ ಕೊಡೋ ಸಲಹೆ ಒಂದೇ, ಕ್ಯಾಮೆರಾ ಹಾಕು. ಅದನ್ನ ನಾನು ಒಂದು ಸಲ ಮಾಡಿ ಸೋತಿದ್ದೆ. ಹಿಂದಿನ ವರ್ಷ ಹಾಲ್‌ನಲ್ಲಿ, ಟಿವಿ ಮೇಲೆ, ಒಂದು ಪುಟ್ಟ ಕ್ಯಾಮೆರಾ ಕೂರಿಸಿ ಹೋಗಿದ್ದೆ. ಮೂರನೇ ದಿನಕ್ಕೆ ನನ್ನ ಫೋನಿನಲ್ಲಿ ಬರೀ ಹಸಿರು ಬಣ್ಣ. ಅವ್ವ ಅದರ ಮೇಲೆ ಕೈ ಒರೆಸೋ ಟವೆಲ್ ಹಾಕಿದ್ದಳು. "ಯಾರೋ ಹೊರಗಿನವರು ಬಂದು ಕೂತಂಗಾಗ್ತದಪ್ಪಾ. ಸೆರಗು ಜಾರಿದ್ರೂ ಮೊದ್ಲು ಅದರ ಕಡೆ ನೋಡ್ತೀನಿ" ಅಂದಳು. ಅದಾದ ಮೇಲೆ ಮಲಗೋ ಕೋಣೆಗೆ ಕ್ಯಾಮೆರಾ ಅಂತ ಬಾಯಿ ಬಿಡೋ ಧೈರ್ಯ ನನಗಿರಲಿಲ್ಲ.

ಹಾಗಾಗಿ ಎರಡು ಷರತ್ತು ಹಾಕಿಕೊಂಡೆ. ಕ್ಯಾಮೆರಾ ಇಲ್ಲ. ಮೈಮೇಲೆ ಏನೂ ಕಟ್ಟೋ ಹಾಗಿಲ್ಲ. ಎರಡನೇದು ನಾನು ಹಾಕಿಕೊಂಡಿದ್ದಲ್ಲ, ಅಪ್ಪಾಜಿ ಹಾಕಿದ್ದು. ಅವರ ಕೈಯಲ್ಲಿ ಇವತ್ತಿಗೂ ಕೀ ಕೊಡೋ ಎಚ್‌ಎಂಟಿ ವಾಚು, ಅದನ್ನೂ ರಾತ್ರಿ ಬಿಚ್ಚಿ ದಿಂಬಿನ ಕೆಳಗೆ ಇಡ್ತಾರೆ. ಬ್ಲೂಟೂತ್ ಇರೋ ಸಣ್ಣ ಟ್ಯಾಗ್ ಒಂದನ್ನ ಉಡಿದಾರಕ್ಕೆ ಕಟ್ಟಬಹುದಲ್ವಾ ಅಂತ ತಮ್ಮ ಐಡಿಯಾ ಕೊಟ್ಟ. ಅಪ್ಪಾಜಿ ಅವನನ್ನ ನೋಡಿದ ರೀತಿಗೆ ಆ ಮಾತು ಅಲ್ಲಿಗೇ ಮುಗೀತು. ಸುಮ್ನೆ ಹೇಳ್ತೀನಿ, ಇದು ಹೊಸ ಐಡಿಯಾ ಏನಲ್ಲ. 1989ರಿಂದ 92ರ ನಡುವೆ ಕೇಂಬ್ರಿಡ್ಜ್‌ನ ಒಲಿವೆಟ್ಟಿ ಲ್ಯಾಬ್‌ನಲ್ಲಿ ನೌಕರರ ಅಂಗಿಗೆ ಬ್ಯಾಡ್ಜ್ ಸಿಕ್ಕಿಸಿದ್ದರು. ಅದು 15 ಸೆಕೆಂಡಿಗೊಮ್ಮೆ ಇನ್‌ಫ್ರಾರೆಡ್ ಬೆಳಕಲ್ಲಿ "ನಾನು ಇಂಥವನು" ಅಂತ ಹೇಳೋದು, ಯಾರು ಯಾವ ರೂಮಲ್ಲಿದ್ದಾರೆ ಅಂತ ಗೊತ್ತಾಗೋದು. ಆಫೀಸಲ್ಲಿ ಸರಿ. ಬನಿಯನ್ ಹಾಕಿಕೊಂಡು ಮಲಗಿದವರಿಗೆ ಎಲ್ಲಿ ಸಿಕ್ಕಿಸೋದು?

ಕೆಲಸಕ್ಕೆ ಕೂತಾಗ ಗೊತ್ತಾಗಿದ್ದು ಏನಂದ್ರೆ, ಸೆನ್ಸರ್ ಹತ್ತಿರ ಕೇಳೋ ಪ್ರಶ್ನೆ ಮೂರು ತರ. ಇಲ್ಲಿ ಯಾರಾದರೂ ಇದ್ದಾರಾ? ಎಷ್ಟು ಜನ ಇದ್ದಾರೆ? ಯಾರು ಇದ್ದಾರೆ? ಮೊದಲನೇದಕ್ಕೆ ನೂರು ರೂಪಾಯಿ ಆಸುಪಾಸಿನಲ್ಲಿ ಉತ್ತರ ಸಿಗುತ್ತೆ. ಎರಡನೇದಕ್ಕೆ ಸ್ವಲ್ಪ ತಲೆ ಕೆಡಿಸ್ಕೋಬೇಕು. ಮೂರನೇದರಲ್ಲಿ ನಾನು ನಾಲ್ಕು ವಾರಾಂತ್ಯ ಮತ್ತು ಒಂದಷ್ಟು ಮರ್ಯಾದೆ ಕಳೆದುಕೊಂಡೆ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡಿಗೆ ಹೋಗಿ ಮೊದಲು ತಂದದ್ದು ಪಿಐಆರ್ ಅನ್ನೋ ಸೆನ್ಸರ್. ನೀವು ನೋಡಿರ್ತೀರಿ, ಅರ್ಧ ಪಿಂಗ್‌ಪಾಂಗ್ ಚೆಂಡಿನ ಹಾಗೆ ಬಿಳಿ ಬುರುಡೆ, ಆಫೀಸಿನ ಟಾಯ್ಲೆಟ್‌ನಲ್ಲಿ ಇದ್ದಕ್ಕಿದ್ದ ಹಾಗೆ ಲೈಟ್ ಆರಿ ನಾವು ಕತ್ತಲಲ್ಲಿ ಕೈ ಬೀಸೋ ಹಾಗೆ ಮಾಡುತ್ತಲ್ಲ, ಅದೇ. ನಮ್ಮ ಮೈಯಿಂದ ಕಣ್ಣಿಗೆ ಕಾಣದ ಶಾಖದ ಬೆಳಕು ಹೊರಡ್ತಾ ಇರುತ್ತೆ, 9-10 ಮೈಕ್ರೋಮೀಟರ್ ಅಲೆಯುದ್ದದಲ್ಲಿ ಅದು ಜಾಸ್ತಿ. ಬುರುಡೆಯ ಮೇಲಿನ ಲೆನ್ಸು ಕೋಣೆಯನ್ನ ಹೋಳು ಹೋಳು ಮಾಡಿ ನೋಡುತ್ತೆ, ಬೆಚ್ಚಗಿನ ಮೈ ಒಂದು ಹೋಳಿನಿಂದ ಇನ್ನೊಂದಕ್ಕೆ ದಾಟಿದಾಗ ಒಳಗಿನ ಬಿಲ್ಲೆಗೆ ಗೊತ್ತಾಗುತ್ತೆ. ಅಲ್ಲಾಡದೆ ಕೂತರೆ ಗೊತ್ತಾಗಲ್ಲ. ಏಪ್ರಿಲ್‌ನ ದಾವಣಗೆರೆ ಸೆಕೆಯಲ್ಲಿ ಇನ್ನೊಂದು ತಮಾಷೆ. ಮಧ್ಯಾಹ್ನ ಗೋಡೆ, ನೆಲ, ಮನುಷ್ಯ ಎಲ್ಲಾ ಹೆಚ್ಚುಕಮ್ಮಿ ಒಂದೇ ಬಿಸಿ. ವ್ಯತ್ಯಾಸವೇ ಇಲ್ಲ ಅಂದಮೇಲೆ ಅದು ತಾನೇ ಏನು ಹೇಳೀತು. ರಾತ್ರಿ ಪರವಾಗಿಲ್ಲ, ಬಾತ್‌ರೂಮಿನ ದಾರಿಗೆ ಸಣ್ಣ ಲೈಟ್ ಹತ್ತಿಸೋ ಕೆಲಸಕ್ಕೆ ಅದನ್ನ ಹಾಕಿದೆ, ಇವತ್ತಿಗೂ ಅದು ಅಲ್ಲೇ ಇದೆ. ಆದರೆ ಎದ್ದವರು ಯಾರು ಅಂತ ಕೇಳಿದ್ರೆ, "ಯಾರೋ" ಅನ್ನುತ್ತೆ.

ಆಮೇಲೆ ರೇಡಾರ್. ಹೆಸರು ದೊಡ್ಡದು, ವಸ್ತು ಬೆರಳುದ್ದ ಇಲ್ಲ. ಎಲ್‌ಡಿ 2410 ಅನ್ನೋ ಮಾಡ್ಯೂಲು, 24 ಗಿಗಾಹರ್ಟ್ಜ್‌ನಲ್ಲಿ ಅಲೆ ಬಿಡುತ್ತೆ. ಅಲೆಯ ಆವರ್ತನ ಒಂದೇ ಸಮನೆ ಏರ್ತಾ ಹೋಗುತ್ತೆ, ಹೋಗಿ ತಾಗಿ ವಾಪಸ್ ಬರೋ ಹೊತ್ತಿಗೆ ಇಲ್ಲಿ ಬಿಡ್ತಾ ಇರೋ ಆವರ್ತನ ಇನ್ನೂ ಮೇಲೇರಿರುತ್ತೆ, ಆ ಎರಡರ ವ್ಯತ್ಯಾಸ ನೋಡಿ ದೂರ ಎಷ್ಟು ಅಂತ ಲೆಕ್ಕ ಹಾಕುತ್ತೆ. ಆ ಅಲೆಯ ಉದ್ದ ಒಂದೂಕಾಲು ಸೆಂಟಿಮೀಟರ್. ಹಾಗಾಗಿ ಮಲಗಿದವರ ಎದೆ ಉಸಿರಿಗೆ ಕೆಲವು ಮಿಲಿಮೀಟರ್ ಏರಿಳಿದರೂ ಅದಕ್ಕೆ ತಿಳಿಯುತ್ತೆ. ಪಿಐಆರ್‌ಗೆ ಕಾಣದ, ಅಲ್ಲಾಡದೆ ಮಲಗಿದ ಮನುಷ್ಯ ಇದಕ್ಕೆ ಕಾಣ್ತಾನೆ. ನನಗಂತೂ ಭಾರೀ ಖುಷಿ ಆಯ್ತು.

ಖುಷಿ ಫ್ಯಾನ್ ಹಾಕೋವರೆಗೆ. ಸೀಲಿಂಗ್ ಫ್ಯಾನ್ ಇಲ್ಲದ ಊರುಗಳಲ್ಲಿ ಇದರ ವಿಡಿಯೋ ಮಾಡ್ತಾರೆ ಅಂತ ಕಾಣುತ್ತೆ, ನಮ್ಮ ಕಷ್ಟ ಅವರಿಗೆ ಗೊತ್ತಿಲ್ಲ. ಫ್ಯಾನಿನ ರೆಕ್ಕೆ ಅದಕ್ಕೆ ಒಬ್ಬ ಮನುಷ್ಯ. ಫ್ಯಾನ್ ಗಾಳಿಗೆ ಅಲ್ಲಾಡೋ ಸೊಳ್ಳೆ ಪರದೆ ಇನ್ನೊಬ್ಬ. ಆ ಮಾಡ್ಯೂಲಿನಲ್ಲಿ ಮುಕ್ಕಾಲು ಮೀಟರಿಗೆ ಒಂದರಂತೆ ದೂರವನ್ನ ಪಟ್ಟಿ ಮಾಡಿ, ಒಂದೊಂದು ಪಟ್ಟಿಗೆ ಬೇರೆ ಬೇರೆ ಸೂಕ್ಷ್ಮತೆ ಇಡೋ ಸೌಲಭ್ಯ ಇದೆ. ಒಂದು ಇಡೀ ಭಾನುವಾರ ಮಂಚದ ಪಕ್ಕ ಲ್ಯಾಪ್‌ಟಾಪ್ ಹಿಡಿದು ಕೂತು ಫ್ಯಾನ್ ಇರೋ ಪಟ್ಟಿಯನ್ನ ಕಿವುಡು ಮಾಡಿದೆ. ಅವ್ವ ಬಂದು ನೋಡಿ "ಬೆಂಗಳೂರಲ್ಲಿ ಇದಕ್ಕೇ ಸಂಬಳ ಕೊಡ್ತಾರಾ" ಅಂದಳು. (ರೇಡಾರ್‌ದೇ ಇನ್ನೊಂದು ಕತೆ. 2019ರಲ್ಲಿ ಗೂಗಲ್‌ನ ಪಿಕ್ಸೆಲ್ 4 ಫೋನಿನಲ್ಲಿ ಕೈಸನ್ನೆ ಗುರುತಿಸೋಕೆ 60 ಗಿಗಾಹರ್ಟ್ಜ್ ರೇಡಾರ್ ಇತ್ತು. ಆ ಆವರ್ತನಕ್ಕೆ ನಮ್ಮಲ್ಲಿ ಅನುಮತಿ ಇರಲಿಲ್ಲ, ಫೋನು ಇಂಡಿಯಾಗೆ ಬರಲೇ ಇಲ್ಲ.)

ಸರಿ, ಫ್ಯಾನ್ ಗೆದ್ದಾಯ್ತು. ಆದರೂ ಮಂಚದ ಮೇಲೆ ಇಬ್ಬರಿದ್ದಾರೆ, ಒಬ್ಬರು ಎದ್ದು ಹೋದರೂ "ಇದ್ದಾರೆ" ಅಂತಲೇ ಹೇಳುತ್ತೆ. ನಿಜ ತಾನೇ, ಒಬ್ಬರು ಇದ್ದಾರಲ್ಲ.

ಶಾಖದ ಚಿತ್ರ ತೆಗೆಯೋ ಸೆನ್ಸರ್ ಒಂದಿದೆ, ಪ್ಯಾನಸಾನಿಕ್‌ನದ್ದು, ಎಂಟು ಗುಣಿಸು ಎಂಟು, ಒಟ್ಟು 64 ಚುಕ್ಕೆ ಅಷ್ಟೇ. ಮುಖ ಕಾಣಲ್ಲ, ಬಟ್ಟೆ ಕಾಣಲ್ಲ, ಎರಡು ಕೆಂಪು ಮೋಡ ಕಾಣುತ್ತೆ. ಅವ್ವನಿಗೆ ತೋರಿಸಿದೆ, "ಇದಾದ್ರೆ ಆಗಬಹುದು" ಅಂದಳು. ಛಾವಣಿಗೆ ಅಂಟಿಸಿದೆ. ಅಪ್ಪಾಜಿ ಎದ್ದು ಹೋದ ಮೇಲೂ ಅವರ ಕೆಂಪು ಮೋಡ ಹಾಸಿಗೆ ಮೇಲೆ ಮಲಗೇ ಇತ್ತು. ಹತ್ತಿಯ ಹಾಸಿಗೆ, ರಾತ್ರಿಯೆಲ್ಲಾ ಮಲಗಿದ ಬಿಸಿ ಆರೋಕೆ ಹೊತ್ತು ಬೇಕು. ಅದು ಆರೋ ಹೊತ್ತಿಗೆ ಅವರು ವಾಪಸ್ ಬಂದು ಮಲಗಿರ್ತಿದ್ದರು.

ಎತ್ತರ ಅಳೆಯೋಣ ಅಂತ ಹೊರಟದ್ದು ಆಮೇಲೆ. ಇದು ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2012ರಲ್ಲಿ ಮಾಡಿದ ಕೆಲಸ. ಬಾಗಿಲ ಚೌಕಟ್ಟಿನ ಮೇಲೆ, ಕೆಳಮುಖವಾಗಿ, ಶಬ್ದ ಬಿಟ್ಟು ಅದರ ಪ್ರತಿಧ್ವನಿಯಿಂದ ದೂರ ಅಳೆಯೋ ಅಲ್ಟ್ರಾಸೌಂಡ್ ಸೆನ್ಸರ್ ಇಟ್ಟು, ಕೆಳಗೆ ದಾಟುವವರ ಎತ್ತರ ಅಳೆದು ಯಾರು ಅಂತ ಊಹಿಸೋದು. ನನಗೆ ಇದು ತುಂಬಾ ಇಷ್ಟ ಆಯ್ತು. ಯಾಕಂದ್ರೆ ಊರಲ್ಲಿರೋ ಎಲ್ಲರಲ್ಲಿ ಒಬ್ಬರನ್ನ ಗುರುತಿಸೋ ಕಷ್ಟ ಇಲ್ಲಿಲ್ಲ, ಒಂದು ಮನೆಯ ನಾಲ್ಕೈದು ಜನರಲ್ಲಿ ಯಾರು ಅಂತ ಹೇಳಿದ್ರೆ ಸಾಕು. ಅಪ್ಪಾಜಿ ಐದಡಿ ಆರಿಂಚು, ಅವ್ವ ಐದಡಿ ಒಂದಿಂಚು. ಐದಿಂಚಿನ ವ್ಯತ್ಯಾಸ ಧಾರಾಳ ಅಂದುಕೊಂಡೆ.

ಅಪ್ಪಾಜಿ ಹಗಲಲ್ಲಿ ಐದಡಿ ಆರಿಂಚು. ರಾತ್ರಿ ಎರಡು ಗಂಟೆಗೆ, ಗೋಡೆ ಹಿಡಿದುಕೊಂಡು, ಬೆನ್ನು ಬಗ್ಗಿಸಿ, ಅರೆನಿದ್ದೆಯಲ್ಲಿ ನಡೆಯೋ ಅಪ್ಪಾಜಿ ಐದಡಿ ಎರಡಿಂಚು. ಅವ್ವ ಮುಡಿ ಕಟ್ಟಿಕೊಂಡಿದ್ದರೆ ಐದಡಿ ಮೂರಿಂಚು. ಕೂದಲಿಗೆ ಬಡಿದ ಶಬ್ದ ನೆಟ್ಟಗೆ ವಾಪಸ್ಸೂ ಬರಲ್ಲ. ಅದಕ್ಕಿಂತ ದೊಡ್ಡ ತೊಂದರೆ ಬೇರೆ ಆಯ್ತು. ಆ ಅಗ್ಗದ ಸೆನ್ಸರ್ ಪ್ರತಿ ಸಲ ಶಬ್ದ ಬಿಡುವಾಗ ಸಣ್ಣಗೆ ಟಿಕ್ ಟಿಕ್ ಅನ್ನುತ್ತೆ, ಹಗಲಲ್ಲಿ ಕೇಳಿಸಲ್ಲ. ರಾತ್ರಿ ಅವ್ವನಿಗೆ ಕೇಳಿಸ್ತು. ಹಲ್ಲಿ ಲೊಚಗುಟ್ಟಿತು ಅಂದುಕೊಂಡಳು. ಬಾಗಿಲ ಮೇಲೆ, ಅದೂ ಒಂದೇ ಸಮನೆ ಲೊಚಗುಟ್ಟೋ ಹಲ್ಲಿ! ಬೆಳಗ್ಗೆ ಪಂಚಾಂಗ ತೆಗೆದು ಹಲ್ಲಿ ಶಕುನದ ಪುಟ ಹುಡುಕ್ತಾ ಕೂತಿದ್ದವಳಿಗೆ ನಾನು ಫೋನಲ್ಲೇ ತಪ್ಪೊಪ್ಪಿಕೊಂಡು, ತಮ್ಮನ ಕೈಯಲ್ಲಿ ಅದನ್ನ ಕಳಚಿಸಿದೆ.

ಇನ್ನು ವೈಫೈ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ತೀನಿ, ಯಾಕಂದ್ರೆ ನನಗೆ ಇದರಲ್ಲಿ ಕುತೂಹಲ ಎಷ್ಟಿದೆಯೋ ಅಷ್ಟೇ ಹೆದರಿಕೆಯೂ ಇದೆ. ರೂಟರಿನಿಂದ ಹೊರಟ ಅಲೆ ನೇರವಾಗಿ ಬರೋದರ ಜೊತೆಗೆ ಗೋಡೆಗೆ, ಬೀರುವಿಗೆ, ನಮ್ಮ ಮೈಗೆ ಬಡಿದು ಹತ್ತಾರು ದಾರಿಯಲ್ಲಿ ಬರುತ್ತೆ. ನಾವು ಅಲ್ಲಾಡಿದರೆ ಆ ದಾರಿಗಳು ಬದಲಾಗ್ತವೆ. ಈ ಬದಲಾವಣೆಯನ್ನ ಮುನ್ನೂರು ನಾನೂರು ರೂಪಾಯಿಯ ಇಎಸ್‌ಪಿ 32 ಅನ್ನೋ ಪುಟ್ಟ ವೈಫೈ ಬೋರ್ಡು ಕೂಡ ಓದಬಲ್ಲದು. 2018ರಲ್ಲಿ ಎಂಐಟಿಯ ದೀನಾ ಕತಾಬಿ ಅವರ ತಂಡ ರೇಡಿಯೋ ಅಲೆಯಿಂದಲೇ ಗೋಡೆಯಾಚೆ ಇರೋ ಮನುಷ್ಯನ ಕಡ್ಡಿಚಿತ್ರ ಬರೆದು ತೋರಿಸ್ತು, ನಡಿಗೆ ನೋಡಿ 100 ಜನರಲ್ಲಿ ಯಾರು ಅಂತ 83% ಸಲ ಸರಿಯಾಗಿ ಹೇಳ್ತು. ಅದಕ್ಕೆ ಅವರು ಬಳಸಿದ್ದು ತಾವೇ ಕಟ್ಟಿದ ರೇಡಿಯೋ. ಮತ್ತೆ ಗೊತ್ತಾ, ಆ ಯಂತ್ರಕ್ಕೆ ಮೊದಲು ಪಾಠ ಹೇಳಿದ್ದು ಕ್ಯಾಮೆರಾ. ಕ್ಯಾಮೆರಾ ಮತ್ತು ರೇಡಿಯೋ ಎರಡನ್ನೂ ಒಟ್ಟಿಗೆ ಇಟ್ಟು ಕಲಿಸಿ, ಆಮೇಲೆ ಕ್ಯಾಮೆರಾ ತೆಗೆದರು.

2025ರಲ್ಲಿ ಜರ್ಮನಿಯ ಕಾರ್ಲ್ಸ್‌ರೂಹೆ ತಂತ್ರಜ್ಞಾನ ಸಂಸ್ಥೆಯವರು ಇನ್ನೂ ಮುಂದೆ ಹೋದರು. ಮಾಮೂಲಿ ವೈಫೈ ಸಾಧನಗಳು ರೂಟರಿಗೆ "ನಿನ್ನ ಅಲೆ ನನಗೆ ಹೀಗೆ ತಲುಪ್ತಾ ಇದೆ" ಅಂತ ಆಗಾಗ ವರದಿ ಕಳಿಸ್ತವೆ. ಆ ವರದಿಗೆ ಬೀಗ ಇಲ್ಲ, ಹತ್ತಿರ ಇರೋ ಯಾರು ಬೇಕಾದರೂ ಓದಬಹುದು. ಅದನ್ನ ಓದಿಯೇ 197 ಜನರಲ್ಲಿ ಯಾರು ನಡೆದು ಹೋದರು ಅಂತ ಹೆಚ್ಚುಕಮ್ಮಿ ನೂರಕ್ಕೆ ನೂರು ಸಲ ಸರಿಯಾಗಿ ಹೇಳಿದರು. ನಡೆದು ಹೋದವರ ಹತ್ತಿರ ಫೋನು ಇರಬೇಕು ಅಂತಲೂ ಇಲ್ಲ. ಅದೇ ವರ್ಷ ವೈಫೈಯಿಂದ ಜನರ ಇರವು ಗಮನಿಸೋದಕ್ಕೇ ಐಇಇಇ ಅನ್ನೋ ಎಂಜಿನಿಯರುಗಳ ಸಂಸ್ಥೆಯ ಒಂದು ಮಾನದಂಡವೂ ಬಂತು. ಓದಿ ಮುಗಿಸಿ ನಾನು ಪಕ್ಕದ ಫ್ಲಾಟಿನ ಗೋಡೆ ಕಡೆ ಒಂದು ಸಲ ನೋಡಿದೆ. ಟವೆಲ್ ಹಾಕಿ ಮುಚ್ಚೋಕೆ ಇಲ್ಲಿ ಏನಿದೆ?

ನನ್ನ ಪ್ರಯೋಗ ಅಷ್ಟು ದೂರ ಹೋಗಲಿಲ್ಲ ಅನ್ನಿ. ಎರಡು ಬೋರ್ಡು ಕೋಣೆಯ ಎರಡು ಮೂಲೆಗೆ ಇಟ್ಟೆ, ಗ್ರಾಫ್ ಚೆನ್ನಾಗಿ ಕುಣೀತು, ಯಾರೋ ನಡೆದದ್ದು ತಿಳೀತು. ಯಾರು ಅಂತ ಕಲಿಸೋಕೆ ಅಪ್ಪಾಜಿಯನ್ನ ನೂರಾರು ಸಲ ಹಿಂದೆ ಮುಂದೆ ನಡೆಸಬೇಕಿತ್ತು. ಆರನೇ ಸಲಕ್ಕೆ ಅವರು ಚಪ್ಪಲಿ ಹಾಕಿಕೊಂಡು ಹೊರಗೆ ಹೋದರು.

ಕೊನೆಗೆ ದಾರಿ ತೋರಿಸಿದ್ದು ಒಂದು ಹಳೇ ಪೇಪರ್. ಜಾರ್ಜಿಯಾ ಟೆಕ್‌ನವರು 2000ದಲ್ಲಿ ಪ್ರಕಟಿಸಿದ್ದು. ನೆಲದ ಒಂದು ಹಲಗೆ ಕೆಳಗೆ ತೂಕದ ಸೆನ್ಸರ್ ಇಟ್ಟು, ಹೆಜ್ಜೆ ಊರೋ ರೀತಿ ನೋಡಿ 93% ಸರಿಯಾಗಿ ಮನುಷ್ಯರನ್ನ ಗುರುತಿಸಿದ್ದರು. ನಮ್ಮದು ರೆಡ್ ಆಕ್ಸೈಡ್ ನೆಲ, ಅಗೆಯೋ ಮಾತೇ ಇಲ್ಲ. ಆದರೆ ಮಂಚ ಇದೆಯಲ್ಲ! ಇಬ್ಬರು ಮಲಗಿದ ಮಂಚ. ಅಪ್ಪಾಜಿ 71 ಕೆಜಿ, ಅವ್ವ 58. ಮಂಚ 71 ಕೆಜಿ ಹಗುರ ಆದರೆ ಎದ್ದದ್ದು ಅಪ್ಪಾಜಿ, 58 ಆದರೆ ಅವ್ವ. ಮೂರನೇ ಕ್ಲಾಸಿನ ಕಳೆಯೋ ಲೆಕ್ಕ. ಇಷ್ಟು ದಿನ ರೇಡಾರ್ ಹಿಡ್ಕೊಂಡು ಏನು ಮಾಡ್ತಿದ್ದೆ ನಾನು?

ಬಾತ್‌ರೂಮ್ ತೂಕದ ಯಂತ್ರದಲ್ಲಿ ಬರೋ ಪುಟ್ಟ ಸೆನ್ಸರ್ ನಾಲ್ಕು ತಂದು ಮಂಚದ ಕಾಲಿಗೆ ಇಟ್ಟೆ. ಒಂದೊಂದು 50 ಕೆಜಿ ತಾಳುತ್ತೆ, ನಾಲ್ಕು ಸೇರಿ 200. ಅವ್ವ ಅಪ್ಪಾಜಿ ಸೇರಿ 129, ಇನ್ನೇನು ಬೇಕು. ಮಂಚದ ತೂಕ ಮರೆತಿದ್ದೆ. ಅಜ್ಜನ ಕಾಲದ ತೇಗದ ಮಂಚ, ನಾಲ್ಕು ಜನ ಹಿಡಿದರೆ ಅಲ್ಲಾಡೋದು. ಹತ್ತಿ ಹಾಸಿಗೆ ಬೇರೆ. ಒಂದೇ ರಾತ್ರಿಗೆ ಎರಡು ಸೆನ್ಸರ್ ಬಗ್ಗಿ ಕೂತವು.

ತಮ್ಮ ನನ್ನನ್ನ ಎಪಿಎಂಸಿ ಹತ್ತಿರ ತೂಕದ ಯಂತ್ರ ರಿಪೇರಿ ಮಾಡೋರ ಅಂಗಡಿಗೆ ಕರ್ಕೊಂಡು ಹೋದ. ಮೆಕ್ಕೆಜೋಳದ ಚೀಲ ತೂಗೋ ಪ್ಲಾಟ್‌ಫಾರ್ಮ್‌ಗಳು ಅಂಗಡಿ ತುಂಬಾ. ಮಂಚ ತೂಗಬೇಕು ಅಂದೆ. ಅವರು ಕನ್ನಡಕ ಮೇಲೆತ್ತಿ "ಮಂಚಾನಾ? ಮಾರ್ತೀರಾ?" ಅಂದರು. ವಿಷಯ ಹೇಳಿದ ಮೇಲೆ ಗಂಭೀರವಾದರು. ಹಳೇ ಯಂತ್ರದಿಂದ ಬಿಚ್ಚಿದ ಲೋಡ್‌ಸೆಲ್ ನಾಲ್ಕು ಕೊಟ್ಟರು, ಒಂದೊಂದೂ 200 ಕೆಜಿ ತಾಳೋದು. ಗಟ್ಟಿ ಲೋಹದ ತುಂಡು, ಅದರ ಮೇಲೆ ಅಂಟಿಸಿದ ತೆಳು ಪಟ್ಟಿ. ಭಾರ ಬಿದ್ದಾಗ ಲೋಹ ಕಣ್ಣಿಗೆ ಕಾಣದಷ್ಟು ಬಗ್ಗುತ್ತೆ, ಪಟ್ಟಿಯ ರೆಸಿಸ್ಟೆನ್ಸ್ ಬದಲಾಗುತ್ತೆ, ಎಚ್‌ಎಕ್ಸ್ 711 ಅನ್ನೋ ಚಿಪ್ಪು ಅದನ್ನ ಅಂಕಿ ಮಾಡಿ ಕೊಡುತ್ತೆ. ಅವರು ಹೇಳಿದ ಒಂದು ಮಾತು ಯಾವ ವೆಬ್‌ಸೈಟಲ್ಲೂ ನನಗೆ ಸಿಕ್ಕಿರಲಿಲ್ಲ. "ಒಟ್ಟು ತೂಕ ನಂಬಬ್ಯಾಡ್ರಿ. ರಾತ್ರಿಯೆಲ್ಲಾ ಭಾರ ಹೊತ್ಕೊಂಡಿದ್ರೆ ಕಾಟಾ ಸರೀತದೆ. ಇಳಿದಾಗ ಎಷ್ಟು ಇಳೀತು ಅದನ್ನಷ್ಟೇ ನೋಡ್ರಿ." ಹಾಗೇ ಆಯ್ತು. ಬೆಳಗಾಗೋಷ್ಟರಲ್ಲಿ ಒಟ್ಟು ಅಂಕಿ ಒಂದೆರಡು ಕಿಲೋ ಜಾರಿರ್ತಿತ್ತು, ಆದರೆ ಒಬ್ಬರು ಎದ್ದಾಗಿನ ಇಳಿತ ಸರಿಯಾಗಿ ಬರ್ತಿತ್ತು.

ಮೊದಲ ರಾತ್ರಿಯ ಗ್ರಾಫ್ ಬೆಂಗಳೂರಲ್ಲಿ ಕೂತು ನೋಡಿದೆ. ಅಪ್ಪಾಜಿ ಮೊದಲು ಮಂಚದ ಅಂಚಿಗೆ ಬಂದು ಕಾಲು ಇಳಿಬಿಡ್ತಾರೆ, ಭಾರ ಕಿಟಕಿ ಕಡೆಯ ಎರಡು ಕಾಲಿಗೆ ಸರಿಯುತ್ತೆ. ಒಂದು ನಿಮಿಷ ಹಾಗೇ ಕೂರ್ತಾರೆ. ಆಮೇಲೆ ಒಮ್ಮೆಲೇ 71 ಕೆಜಿ ಇಲ್ಲ. ಆರು ನಿಮಿಷಕ್ಕೆ ವಾಪಸ್. ಇಷ್ಟು ಸ್ಪಷ್ಟವಾಗಿ ಕಾಣುತ್ತೆ ಅಂತ ನಾನೂ ಅಂದುಕೊಂಡಿರಲಿಲ್ಲ.

ಯಂತ್ರ ಅಪ್ಪಾಜಿಯನ್ನ ಗುರುತಿಸ್ತು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಅದಕ್ಕೆ ಗೊತ್ತಿರೋದು 71 ಕೆಜಿ. ಊರಿಗೆ ಹೋದಾಗ ಒಂದು ಮಧ್ಯಾಹ್ನ ಊಟ ಮಾಡಿ ಆ ಮಂಚದ ಮೇಲೆ ನಾನು ಮಲಗಿ ಎದ್ದೆ. "ಅಪ್ಪಾಜಿ ಎದ್ದರು" ಅಂತ ನನ್ನ ಫೋನಿಗೇ ಮೆಸೇಜು ಬಂತು, ಅಪ್ಪಾಜಿ ಆಗ ಕಟ್ಟೆ ಮೇಲೆ ಪೇಪರ್ ಓದ್ತಾ ಇದ್ದರು. ತಮ್ಮನ ಮಗಳು ಒಂದು ರಾತ್ರಿ ಇಬ್ಬರ ನಡುವೆ ಬಂದು ಮಲಗಿದಾಗ 27 ಕೆಜಿಯ ಅಪರಿಚಿತರು ಅಂತ ದಾಖಲಾಯ್ತು.

ಹನ್ನೊಂದು ರಾತ್ರಿಯ ಲೆಕ್ಕ ಸಿಕ್ತು. ಅಪ್ಪಾಜಿ ಮೂರು ಸಲಕ್ಕಿಂತ ಕಮ್ಮಿ ಎದ್ದ ರಾತ್ರಿ ಒಂದೂ ಇಲ್ಲ. ಒಂದು ರಾತ್ರಿ ಐದು. ಪ್ರಿಂಟ್ ತೆಗೆದು ತೋರಿಸಿದೆ. ಅಪ್ಪಾಜಿ ಬಹಳ ಹೊತ್ತು ನೋಡಿ "ಈ ಕಾಟಾ ಎಲ್ಲಿಂದ ತಂದೆ?" ಅಂದರು. ಅವ್ವ ಗೆದ್ದ ಮುಖ ಮಾಡಿಕೊಂಡು ಕಾಫಿ ತರೋಕೆ ಹೋದಳು.

ಅವ್ವನಿಗೆ ನಾನು ಹೇಳದೆ ಇದ್ದದ್ದು ಒಂದಿತ್ತು. ಗ್ರಾಫಿನಲ್ಲಿ ಬಾಗಿಲ ಕಡೆಯ ಎರಡು ಕಾಲುಗಳೂ ಇದ್ದವಲ್ಲ. ಅಪ್ಪಾಜಿ ಎದ್ದು ಹೋದ ಒಂದೆರಡು ನಿಮಿಷಕ್ಕೆ ಅವ್ವನ ಭಾರ ಅಂಚಿಗೆ ಬರುತ್ತೆ, ಸ್ವಲ್ಪ ಕಮ್ಮಿಯಾಗುತ್ತೆ, ಕಾಲು ನೆಲಕ್ಕೆ ಊರಿ ಕೂತವರ ಭಾರ. ಅಪ್ಪಾಜಿ ವಾಪಸ್ ಬಂದು ಮಲಗೋವರೆಗೂ ಹಾಗೇ. ಆಮೇಲೆ ಅವಳೂ ಮಲಗ್ತಾಳೆ. ಹನ್ನೊಂದು ರಾತ್ರಿ, ಪ್ರತಿ ಸಲ. ಐದು ಸಲ ಎದ್ದ ರಾತ್ರಿ ಒಂದು ಸಲ ಅಪ್ಪಾಜಿ ಬರೋದು ತಡ ಆಗಿದೆ, ಆಗ 58 ಕೆಜಿ ಪೂರ್ತಿ ಇಲ್ಲ. ಹುಡುಕಿಕೊಂಡು ಹೋಗಿದ್ದಾಳೆ.

ಕಾಫಿ ಇಟ್ಟವಳು ಪ್ರಿಂಟ್ ಮೇಲೆ ಕಣ್ಣಾಡಿಸಿ ಕೇಳಿದಳು, "ನಂದೂ ಬರೀತದಾ ಅದು?"

ಬರೀತದೆ ಅಂದೆ.

"ನಾನು ಕೂತದ್ದೂ?"

ಕೂತದ್ದೂ.

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅವರಿಗೆ ತೋರಿಸ್ಬ್ಯಾಡ. ನಾನು ಎದ್ದು ಕೂರ್ತೀನಿ ಅಂತ ಗೊತ್ತಾದ್ರೆ ತಡಕೊಂಡು ಮಲಗಿರ್ತಾರೆ. ಇದನ್ನ ತೆಗೆದುಬಿಡು." ಕ್ಯಾಮೆರಾ ಇಲ್ಲ, ಮುಖ ಇಲ್ಲ, ಸೆರಗಿನ ಚಿಂತೆ ಇಲ್ಲ ಅಂತ ಹೆಮ್ಮೆಯಿಂದ ಹೇಳಿಕೊಂಡು ಓಡಾಡಿದ್ದೆ ನಾನು. 2023ರ ದತ್ತಾಂಶ ರಕ್ಷಣೆ ಕಾಯ್ದೆ ಮನೆಯೊಳಗಿನ ಸ್ವಂತ ಬಳಕೆಗೆ ಅನ್ವಯಿಸಲ್ಲ, ಅಂದ್ರೆ ಅವ್ವ ದೂರು ಕೊಡಬೇಕಾದ್ರೂ ನನಗೇ ಕೊಡಬೇಕು.

ಡಾಕ್ಟರಿಗೆ ಅಪ್ಪಾಜಿಯ ಲೆಕ್ಕ ಮಾತ್ರ ತಗೊಂಡು ಹೋದೆವು. ಸಂಜೆಯ ಒಂದು ಮಾತ್ರೆಯನ್ನ ಬೆಳಗ್ಗೆಗೆ ಬದಲಾಯಿಸಿದರು. ಈಗ ಎರಡು ಸಲ ಏಳ್ತಾರೆ ಅಂತ ಅವ್ವ ಹೇಳ್ತಾಳೆ, ಒಂದೇ ಸಲ ಅಂತ ಅಪ್ಪಾಜಿ ಹೇಳ್ತಾರೆ.

ವೈರು, ಬೋರ್ಡು ಎಲ್ಲಾ ಕಿತ್ತು ಬ್ಯಾಗಿಗೆ ಹಾಕಿಕೊಂಡೆ. ಮಂಚ ಎತ್ತಿ ಲೋಡ್‌ಸೆಲ್ ತೆಗೆಯೋಕೆ ತಮ್ಮನನ್ನ ಕರೆದೆ. ಅವ್ವ ಬೇಡ ಅಂದಳು. ಅದನ್ನ ಇಟ್ಟ ಮೇಲೆ ಮಂಚ ಎರಡಿಂಚು ಎತ್ತರ ಆಗಿದೆಯಂತೆ, ಮಂಡಿನೋವಿಗೆ ಏಳೋಕೆ ಸಲೀಸಂತೆ.